ಕೊಡೆ ಜನರ ಮೇಲೆ ನಾನು ಬರೆದ ಅರ್ಜಿ

ಆಕಾಶದಿಂದ ಮನುಷ್ಯರು ನಮ್ಮ ಹೊಲಗಳಿಗೆ ಬೀಳಲು ಶುರುವಾದ ವರ್ಷವೇ ಅಕ್ಕ ಬಾಣಂತನಕ್ಕೆ ಮನೆಗೆ ಬಂದಳು. ಎರಡನ್ನೂ ಬೇರೆ ಬೇರೆಯಾಗಿ ನೆನೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ನಮ್ಮೂರು ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಗೆ ಸೇರಿದ ಹಳ್ಳಿ. ಊರಾಚೆಯ ದಿಣ್ಣೆಯ ಮೇಲೆ ಯಾವುದೋ ಕಾಲದಲ್ಲಿ ಮಾಡಿ ಮರೆತುಬಿಟ್ಟ ಒಂದು ವಿಮಾನದ ಬಯಲಿತ್ತು. ಅಲ್ಲಿ ವಿಮಾನ ಇಳಿದದ್ದನ್ನು ನಮ್ಮಪ್ಪನ ಕಾಲದವರೂ ನೋಡಿರಲಿಲ್ಲ. ರಾಗಿ ಒಣಗಿಸಲು, ಹುರುಳಿ ಬಡಿಯಲು, ಸೈಕಲ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಡೀ ಹೋಬಳಿಯಲ್ಲಿ ಇರಲಿಲ್ಲ. ತೊಂಬತ್ತರ ದಶಕ ಅರ್ಧ ಕಳೆದಿದ್ದಾಗ ಬೆಂಗಳೂರಿನ ಒಂದು ಕ್ಲಬ್ಬಿನವರು ಬಂದು ಪೊದೆ ಕಡಿಸಿದರು, ಬಿರುಕುಗಳಿಗೆ ಡಾಂಬರು ತುಂಬಿಸಿದರು, ಬಿದಿರು ಗಳುವಿನ ತುದಿಗೆ ಬಟ್ಟೆಯ ಚೀಲ ಕಟ್ಟಿ ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡತೊಡಗಿದರು. ಆಮೇಲೆ ಪ್ರತಿ ಭಾನುವಾರ ಒಂದು ಒಂಟಿ ಎಂಜಿನ್ನಿನ ವಿಮಾನ. ಬಾಗಿಲು ಕಿತ್ತು ತೆಗೆದಿದ್ದ ಅದರೊಳಗೆ ನಾಲ್ಕು ಜನ ಕೂತು ಮೇಲೆ ಹೋಗಿ, ಧುಮುಕಿ, ಬಣ್ಣದ ಕೊಡೆ ಬಿಚ್ಚಿಕೊಂಡು ತೇಲಿ ಇಳಿಯುತ್ತಿದ್ದರು. ಪ್ಯಾರಾಚೂಟು ಅನ್ನುವ ಮಾತು ನಮ್ಮೂರಿನ ಬಾಯಿಗೆ ಒಗ್ಗಲಿಲ್ಲ. ಕೊಡೆ ಅಂದರು. ಅದನ್ನು ಹಿಡಿದು ಬರುವವರಿಗೆ ಕೊಡೆ ಜನ ಅಂತ ಹೆಸರಾಯಿತು.

ವಿಮಾನ ಎತ್ತರಕ್ಕೆ ಹೋಗುವಾಗ ನೆಟ್ಟಗೆ ಹೋಗುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಆಗಲೇ. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಏರಬೇಕು. ಆ ಸುತ್ತು ಸರಿಯಾಗಿ ನಮ್ಮ ಬೀದಿಯ ನೆತ್ತಿಯ ಮೇಲೆ ಬೀಳುತ್ತಿತ್ತು. ಹೆಂಚುಗಳು ಗಡಗಡ ಅನ್ನುತ್ತಿದ್ದವು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗುತ್ತಿತ್ತು. ಒಂದು ಹೊತ್ತಿಗೆ ಎಂಜಿನ್ನಿನ ಸದ್ದು ದಿಢೀರನೆ ತಗ್ಗುತ್ತಿತ್ತು; ಈಗ ಧುಮುಕಿದರು ಅಂತ ಅರ್ಥ. ಆಮೇಲೆ ಒದ್ದೆ ಸೀರೆ ಒದರಿದ ಹಾಗೆ ಪಟ್ಟೆಂದು ನಾಲ್ಕು ಸದ್ದು, ಕೊಡೆ ಬಿಚ್ಚಿದವು. ವಿಮಾನ ಇಳಿದು ಇನ್ನೂ ನಾಲ್ವರನ್ನು ತುಂಬಿಕೊಂಡು ಮತ್ತೆ ಏರುತ್ತಿತ್ತು. ಬೆಳಗಿನ ಬಿಸಿಲು ಬಲಿಯುವವರೆಗೆ ಇದೇ ಗೋಳು. ಗಾಳಿ ತಿರುಗಿದ ದಿನ ಅವರು ಬಯಲು ತಪ್ಪಿ ನಮ್ಮ ಅವರೆ ಹೊಲದಲ್ಲೋ ಯಾರದೋ ಕಬ್ಬಿನ ಗದ್ದೆಯಲ್ಲೋ ಬಿದ್ದು, ಮೈ ಪರಚಿಕೊಂಡು ಎದ್ದು ನಗುತ್ತ ನೀರು ಕೇಳುತ್ತಿದ್ದರು.

ಊರಿಗೆ ಊರೇ ಇದನ್ನು ಹಬ್ಬದಂತೆ ನೋಡಿತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಮ್ಮ ಚಿಕ್ಕಪ್ಪ, ಅಪ್ಪನ ದಾಯಾದಿ ತಮ್ಮ. ನಮ್ಮ ಮನೆಗೂ ಅವನ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಕ್ಲಬ್ಬಿನವರು ಅವನನ್ನು ಬಯಲಿನ ಕಾವಲಿಗೆ ಇಟ್ಟುಕೊಂಡರು, ಒಂದು ನೀಲಿ ಟೋಪಿ ಕೊಟ್ಟರು, ಒಂದು ಸಲ ವಿಮಾನದಲ್ಲಿ ಕೂರಿಸಿಕೊಂಡು ಮೇಲಕ್ಕೂ ಒಯ್ದರು. ಆಮೇಲೆ ಅವನ ಬಾಯಲ್ಲಿ ಬೇರೆ ಮಾತೇ ಇಲ್ಲ. ಮೇಲಿಂದ ನಮ್ಮ ಕೆರೆ ಹೇಗೆ ಕಾಣುತ್ತದೆ, ಮೇಲುಕೋಟೆ ಬೆಟ್ಟ ಎಷ್ಟು ಕುಳ್ಳಗಾಗುತ್ತದೆ, ಟೀ ಅಂಗಡಿಯಲ್ಲಿ ದಿನಾ ಅದೇ.

ನಾನು ಆಗ ಪಾಂಡವಪುರದಲ್ಲಿ ತಾಲ್ಲೂಕು ಕಚೇರಿಯ ಪಕ್ಕದ ಅಂಗಡಿಯೊಂದರಲ್ಲಿ ಟೈಪಿಸ್ಟ್. ಜನರ ಕಷ್ಟಗಳನ್ನು ಅರ್ಜಿಯ ಭಾಷೆಗೆ ತಿರುಗಿಸುವುದು ನನ್ನ ಕೆಲಸ. ಅದರಲ್ಲಿ ನನ್ನ ಸಮ ಯಾರೂ ಇಲ್ಲ ಅನ್ನುವ ಜಂಬವೂ ಇತ್ತು. ಮುಚ್ಚಿಡುವುದೇಕೆ, ನನಗೂ ಆ ವಿಮಾನದಲ್ಲಿ ಹೋಗಬೇಕು ಅಂತ ಬಲು ಆಸೆಯಿತ್ತು. ನಾಚಿಕೆ ಬಿಟ್ಟು ಚಿಕ್ಕಪ್ಪನನ್ನು ಕೇಳಿದೆ. ಅವನು ಟೋಪಿ ಸರಿ ಮಾಡಿಕೊಂಡು, "ಅದ್ಕೆಲ್ಲ ಗುಂಡ್ಗೆ ಬೇಕು ಕಣ್ಲಾ. ನೀ ಸುಮ್ಕೆ ಟೈಪ್ ಒಡ್ಕೊಂಡಿರು," ಅಂದ. ನಾಲ್ಕು ಜನರ ಮುಂದೆ ಅಂದ. ಅಕ್ಕನ ಮಗುವಿನ ಸಲುವಾಗಿಯೇ ನಾನು ಜಗಳ ತೆಗೆದೆ ಅಂತ ಆಮೇಲೆ ಊರಿಗೆಲ್ಲ ಹೇಳಿಕೊಂಡೆ. ಚಿಕ್ಕಪ್ಪನ ಈ ಮಾತೂ ಆ ಜಗಳದೊಳಗೆ ಸೇರಿತ್ತು.

ಆದರೆ ಮಗುವಿನ ಚಿಂತೆ ಸುಳ್ಳಾಗಿರಲಿಲ್ಲ. ಅಕ್ಕನನ್ನು ನಾಗಮಂಗಲದ ಕಡೆಗೆ ಕೊಟ್ಟಿತ್ತು, ಭಾವ ಅಲ್ಲಿ ಮೇಷ್ಟರು. ಅವಳಿಗೆ ಎರಡು ಬಸಿರು ನಿಂತಿರಲಿಲ್ಲ. ಗಂಜಾಂನ ನಿಮಿಷಾಂಬೆಗೆ ಹರಕೆ ಹೊತ್ತ ಮೇಲೆ ಮೂರನೆಯದು ನಿಂತು ಹೆಣ್ಣು ಮಗು ಹುಟ್ಟಿತು. ಅಪ್ಪ ತೀರಿಹೋಗಿದ್ದರಿಂದ ಮನೆಯಲ್ಲಿ ಇದ್ದವರು ಅವ್ವ, ನಾನು. ಈ ಕೂಸನ್ನು ಕೈಬಿಡುವ ಹಾಗಿಲ್ಲ ಅನ್ನುವುದು ಅವ್ವನ ಮುಖದಲ್ಲಿ ಯಾವಾಗಲೂ ಬರೆದಂತಿತ್ತು. ಐದು ತಿಂಗಳಿಗೆ ಕಳಿಸಬೇಕಾದ ಬಾಣಂತಿಯನ್ನು ವರ್ಷ ತುಂಬುವ ತನಕ ಕಳಿಸುವುದಿಲ್ಲ ಎಂದು ಬೀಗರಿಗೆ ಹೇಳಿಕಳಿಸಿದಳು.

ಅವ್ವನ ಬಾಣಂತನ ಅಂದರೆ ಕೋಟೆ ಕಾವಲು. ಬಾಗಿಲ ಸಂದಿಗೆ ಗೋಣಿತಾಟು. ತಾಯಿಗೂ ಮಗುವಿಗೂ ತಲೆ ಸುತ್ತ ಬಟ್ಟೆ, ಕಿವಿಯೊಳಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಅದರ ಮೇಲೆ ಹತ್ತಿ. ಎಳೇ ಕೂಸು ಬೆಚ್ಚಿ ಬಿದ್ದರೆ ಕೈಗೆ ಹತ್ತುವುದಿಲ್ಲ ಅನ್ನುವುದು ಅವಳ ನಂಬಿಕೆ, ಅವಳ ಅವ್ವನ ನಂಬಿಕೆ. ಇಂಥ ಮನೆಯ ನೆತ್ತಿಯ ಮೇಲೆ ಭಾನುವಾರ ಬಂತೆಂದರೆ ವಿಮಾನ ಗಿರಕಿ ಹೊಡೆಯುತ್ತಿತ್ತು. ದಿಣ್ಣೆಯ ಕಡೆಯಿಂದ ಮೊದಲ ಗುರ್ ಅನ್ನುವ ಸದ್ದು ಕೇಳಿದ್ದೇ ತಡ, ಅವ್ವ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಕೈಯಲ್ಲಿ ರಾಗಿ ಹಿಟ್ಟಿರಲಿ, ಬೂದಿಯಿರಲಿ, ಎರಡೂ ಅಂಗೈಯನ್ನು ಮಗುವಿನ ಕಿವಿಗೆ ಒತ್ತಿ ಹಿಡಿದು, ಸದ್ದು ಪೂರಾ ಅಡಗುವ ತನಕ ಹಾಗೇ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಅವ್ವನಿಲ್ಲದಿದ್ದರೆ ಅಕ್ಕ, ಅಕ್ಕನಿಲ್ಲದಿದ್ದರೆ ನಾನು. ಮಗು ಅಳುತ್ತಿರಲಿಲ್ಲ. ನಮ್ಮ ಮುಖ ನೋಡಿ ಕೇಕೆ ಹಾಕಿ ನಗುತ್ತಿತ್ತು. ನಾಲ್ಕೈದು ತಿಂಗಳಾಗುವ ಹೊತ್ತಿಗೆ ಅವ್ವ ಓಡಿ ಬರುವುದು ಕಂಡರೆ ಸಾಕು, ಆಟ ಅಂದುಕೊಂಡು ಕೈಕಾಲು ಬಡಿಯುತ್ತಿತ್ತು. ತಾಯಿಯ ದಯೆಯಿಂದ ಕೂಸು ಬಲು ಗಟ್ಟಿ ಎಂದು ಅವ್ವ ದೃಷ್ಟಿ ತೆಗೆದಳು.

ಮೊದಲು ನಾವು, ಊರು ಬಿಟ್ಟು ಕೆರೆಯ ಮೇಲೆ ಸುತ್ತಿ ಏರಿಸಿ ಎಂದು ಮಾತಲ್ಲೇ ಕೇಳಿದೆವು. ಚಿಕ್ಕಪ್ಪ ಕ್ಲಬ್ಬಿನ ಕ್ಯಾಪ್ಟನ್ನರನ್ನು ಮನೆಗೆ ಕರೆತಂದ. ಸೈನ್ಯದಿಂದ ನಿವೃತ್ತರಾದ ಆತ ಹೊಸಿಲಾಚೆಯೇ ಬೂಟು ಬಿಚ್ಚಿಟ್ಟು ಬಂದು, ಕೆರೆಯ ಮೇಲೆ ಸುತ್ತಿದರೆ ಧುಮುಕುವ ಹುಡುಗರು ನೀರಿಗೆ ಬೀಳುವ ಭಯವಿದೆ, ಆದರೂ ಆದಷ್ಟು ದೂರದಿಂದ ಏರಿಸುತ್ತೇವೆ ಅಂದರು. ಎರಡು ಭಾನುವಾರ ಮಾತು ನಡೆಸಿದರು. ಮೂರನೆಯ ಭಾನುವಾರ ಗಾಳಿ ಬದಲಾಯಿತೋ ಏನೋ, ಮತ್ತೆ ನಮ್ಮ ಹೆಂಚುಗಳ ಮೇಲೆಯೇ ಬಂದರು.

ಅವ್ವ ಗೋಡೆಯ ಈಚೆಯಿಂದ ಕೂಗಿದಳು. "ನಿನ್ ಟೋಪಿ ಆಸೆಗೆ ನಮ್ ಕೂಸ್ನ ಕೊಲ್ಸಬ್ಯಾಡ ಕಣಪ್ಪ."

ಚಿಕ್ಕಪ್ಪ ಆಚೆಯಿಂದ, "ಇಡೀ ಊರ್ಗೆ ಇಲ್ದಿರೋ ತೊಂದ್ರೆ ನಿಮ್ ಮನೇಗೊಂದೆ ಬಂದಾದಾ? ಮಗ ನಗ್ತಾ ಕುಂತದೆ, ನೀವ್ ಬಾಯ್ ಬಡ್ಕತೀರಿ," ಅಂದ.

ಅವನು ಅಂದದ್ದರಲ್ಲಿ ಒಂದು ಮಾತು ನಿಜವಾಗಿತ್ತು. ನಮಗೆ ಅದು ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು.

ಮಾರನೆಯ ದಿನ ನಾನು ಅಂಗಡಿಯಲ್ಲಿ ಕೂತು ಅರ್ಜಿ ಹೊಡೆದೆ. ಅದರ ಒಂದು ಸಾಲು ಈಗಲೂ ಬಾಯಿಪಾಠ: "ಸದರಿ ವಿಮಾನದ ಕರ್ಕಶ ಶಬ್ದದಿಂದ ಹಸುಗೂಸು ಬೆಚ್ಚಿ ಬಿದ್ದು, ಕಿಟಾರನೆ ಕಿರುಚಿ, ಮೊಲೆಹಾಲನ್ನೂ ಕುಡಿಯದೆ ನರಳುತ್ತಿರುತ್ತದೆ." ಮಗು ಒಂದು ದಿನವೂ ಬೆಚ್ಚಿರಲಿಲ್ಲ, ಕಿರುಚಿರಲಿಲ್ಲ. ನಾವು ಕಿವಿ ಮುಚ್ಚುತ್ತೇವೆ, ಅದಕ್ಕೇ ಬೆಚ್ಚುವುದಿಲ್ಲ, ಮುಚ್ಚದಿದ್ದರೆ ಖಂಡಿತ ಕಿರುಚುತ್ತದೆ ಎಂದು ನನ್ನೊಳಗೆ ನಾನೇ ಲೆಕ್ಕ ಹಾಕಿಕೊಂಡೆ. ಅರ್ಜಿಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ನಾನು ದಿನಾ ಟೈಪ್ ಮಾಡುತ್ತಿದ್ದೆ. ಬೀದಿಯವರ ಹತ್ತು ಹೆಬ್ಬೆಟ್ಟು, ಆರು ರುಜು ಹಾಕಿಸಿ ಮೂರು ಕಚೇರಿಗಳಿಗೆ ಕಳಿಸಿದೆ.

ಮಗುವಿಗೆ ಎಂಟು ತಿಂಗಳಿದ್ದಾಗ ಒಂದು ಭಾನುವಾರ ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು ಸ್ಥಳ ತನಿಖೆಗೆ ಬಂದರು. ಜಗಲಿಯ ಮೇಲೆ ಚಾಪೆ ಹಾಸಿ ಮಗುವನ್ನು ಕೂರಿಸಿದೆವು. ಇವತ್ತೊಂದು ದಿನ ಕಿವಿ ಮುಚ್ಚಬೇಡ, ಹತ್ತಿಯನ್ನೂ ತೆಗೆದುಬಿಡು ಎಂದು ಅವ್ವನಿಗೆ ನಾನೇ ತಾಕೀತು ಮಾಡಿದ್ದೆ. ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತ ಕಂಬಕ್ಕೆ ಒರಗಿ ನಿಂತಿದ್ದಳು. ವಿಮಾನ ಏರಿತು. ಹೆಂಚು ನಡುಗಿದವು, ಅಧಿಕಾರಿ ಕತ್ತೆತ್ತಿ ಮುಖ ಸಿಂಡರಿಸಿದರು, ಬೀದಿಯ ನಾಯಿ ಬೊಗಳಿತು. ಮಗು ಒಂದು ಹಿತ್ತಾಳೆಯ ಲೋಟ ಹಿಡಿದುಕೊಂಡು ಅದರ ತಳವನ್ನು ನೆಕ್ಕುತ್ತಿತ್ತು. ಕತ್ತು ಸಹ ಎತ್ತಲಿಲ್ಲ.

"ಮಗೂಗೇನೂ ಆದಂಗಿಲ್ವಲ್ರೀ. ಆಡ್ಕೊಂಡೈತೆ," ಅಂದರು ಅಧಿಕಾರಿ.

ಬೀದಿಯವರೆಲ್ಲ ನೋಡುತ್ತಿದ್ದಾರೆ. ಗೋಡೆಯಾಚೆ ನೀಲಿ ಟೋಪಿ ಕಾಣುತ್ತಿದೆ. ನನಗೆ ಬಂದ ಸಿಟ್ಟು ವಿಮಾನದ ಮೇಲಲ್ಲ, ಚಿಕ್ಕಪ್ಪನ ಮೇಲಲ್ಲ, ಆ ಮಗುವಿನ ಮೇಲೆ. ಎತ್ತಿಕೊಳ್ಳುವವನ ಹಾಗೆ ಬಗ್ಗಿ ತೊಡೆಯ ಹಿಂದೆ ಚಿವುಟಿದೆ. ಜೋರಾಗಿಯೇ ಚಿವುಟಿದೆ. ಮಗು ಉಸಿರು ಕಟ್ಟಿ ಅತ್ತಿತು. ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡರು.

ಇದನ್ನು ಒಬ್ಬರು ನೋಡಿದ್ದರು. ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕವ್ವ. ಮಾತು ಕಡಿಮೆಯ ಹೆಂಗಸು. ಎರಡೂ ಮನೆಗಳ ನಂಟು ಹರಿದುಹೋದ ಮೇಲೂ ನಾವು ಕೊಟ್ಟಿಗೆಯಲ್ಲಿಲ್ಲದ ಹೊತ್ತಿನಲ್ಲಿ ನಮ್ಮ ಎಮ್ಮೆಗೆ ಹುಲ್ಲು ಎಸೆದು ಹೋಗುತ್ತಿದ್ದಳು. ಜೀಪು ಹೋದ ಮೇಲೆ ಅವಳು ಗೋಡೆಯ ಹತ್ತಿರ ಬಂದು ಅವ್ವನನ್ನು ಕರೆದಳು.

"ಅಕ್ಕ, ಒಂದ್ ಮಾತ್ ಯೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ಇಮಾನ ಬಂದಾಗ ಮಗ ತಿರುಗ್ನೇ ಇಲ್ಲ. ನಾನೂ ಗೋಡೆ ಈಚೆಯಿಂದ ಲೋಟ ಬಡುದ್ ನೋಡ್ದೆ. ನಮ್ ತಮ್ಮನೂ ಚಿಕ್ಕೋನಿದ್ದಾಗ ಇಂಗೇ ಇದ್ದ. ಒಂದ್ಸಲ ಮೈಸೂರ್ಗೆ ತಕಹೋಗಿ ಕಿವಿ ತೋರುಸ್ಬುಡ್ರವ್ವ."

ಅವಳ ತಮ್ಮ ಹುಟ್ಟು ಕಿವುಡ, ಮಾತು ಬಾರದವನು. ಸಂತೆಬಾಚಹಳ್ಳಿಯ ತವರಿನಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳೇ ಇವಳು. ಇಡೀ ಊರಿನಲ್ಲಿ ಆ ಮಾತು ಹೇಳುವ ಅರ್ಹತೆ ಇದ್ದವಳು ಅವಳೊಬ್ಬಳೇ. ಆ ಹೊತ್ತಿನಲ್ಲಿ ನಮಗೆ ಕಂಡದ್ದು ನೀಲಿ ಟೋಪಿಯವನ ಹೆಂಡತಿ. ಅರ್ಜಿ ಕೆಡಿಸಲು ಗಂಡ ಹೇಳಿಕೊಟ್ಟು ಕಳಿಸಿದ್ದಾನೆ ಎಂದು ನಾನು ಅಂದುಕೊಂಡೆ. ಅವ್ವ ಬಾಯಿ ತೆರೆಯುವ ಮೊದಲೇ ನಾನು ಅಂದೆ: "ನಿಮ್ಮನೆ ಮೂಗನ್ನ ನಮ್ ಮನೇಗೆ ತರಬ್ಯಾಡ. ನಮ್ ಕೂಸಿಗೆ ಕೇಡು ಬಯಸಿದ್ರೆ ನಿನ್ ವಂಸ ಉದ್ಧಾರ ಆಗಾಕಿಲ್ಲ."

ಚಿಕ್ಕವ್ವ ಒಳಗೆ ಹೋದಳು. ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆ ವಾರ ಒಂದೆರಡು ಸಲ ಮಗುವಿನ ಹಿಂದೆ ಕೂತು ಬಳೆ ಆಡಿಸುತ್ತಿದ್ದದ್ದನ್ನು ನಾನು ಕಂಡೆ. ಮಗು ತಿರುಗಿದರೆ ನೆರಳಿಗೆ ತಿರುಗಿತೋ ಸದ್ದಿಗೆ ತಿರುಗಿತೋ ಹೇಳಲಾಗುತ್ತಿರಲಿಲ್ಲ. "ಶತ್ರು ಮಾತ್ ಕಟ್ಕೊಂಡು ನೀ ಹುಚ್ಚಿ ಆಗ್ಬ್ಯಾಡ," ಎಂದು ಬೈದೆ. ಅವಳು ಬಳೆ ಆಡಿಸುವುದನ್ನು ಬಿಟ್ಟಳು.

ನನ್ನ ಅರ್ಜಿ ಗೆದ್ದಿತು. ಎರಡು ತಿಂಗಳಲ್ಲಿ ಕ್ಲಬ್ಬಿನವರ ಪರವಾನಗಿ ಮುಂದುವರಿಯಲಿಲ್ಲ. ಕೊನೆಯ ಭಾನುವಾರ ಕ್ಯಾಪ್ಟನ್ ತಾವೇ ಗಳು ಇಳಿಸಿ, ಬಟ್ಟೆಯ ಚೀಲ ಮಡಿಸಿಕೊಂಡು ಜೀಪು ಹತ್ತಿದರಂತೆ. ಚಿಕ್ಕಪ್ಪನ ಕೆಲಸ ಹೋಯಿತು. ಅವನು ನನ್ನನ್ನು ಬೈಯಲೂ ಇಲ್ಲ, ನೋಡಲೂ ಇಲ್ಲ. ಬಯಲಿನಲ್ಲಿ ಮತ್ತೆ ರಾಗಿ ಒಣಗತೊಡಗಿತು. ನಾನು ಪಾಂಡವಪುರದಲ್ಲಿ ಆ ಅರ್ಜಿಯ ನಕಲನ್ನು ಗಿರಾಕಿಗಳಿಗೆ ತೋರಿಸಿ ಬೀಗುತ್ತಿದ್ದೆ.

ವರ್ಷ ತುಂಬಿದ ಮೇಲೆ ಅಕ್ಕ ಮಗು ಕಟ್ಟಿಕೊಂಡು ನಾಗಮಂಗಲಕ್ಕೆ ಹೋದಳು. ಮಗು ನಡೆಯಿತು, ಓಡಿತು, ಹಲ್ಲು ಬಂದವು. ಮಾತು ಬರಲಿಲ್ಲ. ಕೆಲವರಿಗೆ ತಡ ಅಂದರು. ನಾನೂ ಅಂದೆ. ಅವಳಿಗೆ ಎರಡು ವರ್ಷ ದಾಟಿದ ಮೇಲೆ ಒಂದು ದಿನ ಅಕ್ಕ ಹೇಳದೆ ಕೇಳದೆ ಬಸ್ಸಿಳಿದು ಬಂದು ಚೀಲವನ್ನೂ ಕೆಳಗಿಡದೆ ಶುರು ಮಾಡಿದಳು. ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಇವರು ಕೂತಿದ್ದ ಜಾಗಕ್ಕೆ ಮಾರು ದೂರದಲ್ಲಿ ಲಾರಿಯ ಟೈರು ಢಮಾರ್ ಎಂದು ಒಡೆಯಿತಂತೆ. ಜನ ಚೆಲ್ಲಾಪಿಲ್ಲಿಯಾಗಿ ಓಡಿದರಂತೆ. ಮಗು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲವಂತೆ.

"ಚಿಕ್ಕವ್ವ ಯೇಳಿದ್ದು ನೆಪ್ಪಾಯ್ತು ಕಣ್ಲಾ. ನಾಳೆ ಮೈಸೂರ್ಗೆ ಓಗಾನ ನಡಿ," ಅಂದಳು.

ಮೈಸೂರಿನ ಕಿವಿ ಪರೀಕ್ಷೆಯ ಆಸ್ಪತ್ರೆಯಲ್ಲಿ ಮಗುವನ್ನು ದಪ್ಪ ಬಾಗಿಲಿನ ಕೋಣೆಯಲ್ಲಿ ಕೂರಿಸಿ ಗಂಟೆ ಬಾರಿಸಿದರು, ತಮಟೆ ಬಡಿದರು, ಯಾವುದೋ ಯಂತ್ರದಿಂದ ಸದ್ದು ಬಿಟ್ಟರು. ಡಾಕ್ಟರಮ್ಮ ಹೊರಗೆ ಬಂದು, ಎರಡೂ ಕಿವಿ ಹುಟ್ಟಿನಿಂದಲೇ ಕೇಳುವುದಿಲ್ಲ ಎಂದೇ ಹೇಳಬೇಕು ಅಂದರು. ನಾನು ಕೇಳಿದ ಮೊದಲ ಪ್ರಶ್ನೆ ಬರೆಯಲು ನನಗೆ ನಾಚಿಕೆ. "ಇಮಾನದ ಸದ್ದಿಂದ ಇಂಗಾಯ್ತಾ ಮೇಡಂ?" ಹೌದು ಅನ್ನಲಿ ಎಂದು ಒಳಗೆ ಕೈ ಮುಗಿಯುತ್ತಿದ್ದೆ. ಅವರು ನನ್ನ ಕಡೆ ನೋಡದೆ ಅಕ್ಕನನ್ನು, ಬಸಿರಿಯಾಗಿದ್ದಾಗ ಮೈಮೇಲೆ ಕೆಂಪಗೆ ಎದ್ದು ಜ್ವರ ಬಂದಿತ್ತೇ ಎಂದು ಕೇಳಿದರು. ಮೂರು ತಿಂಗಳಲ್ಲಿ ಬಂದಿತ್ತು ಅಂದಳು ಅಕ್ಕ. ಹೊಟ್ಟೆಯೊಳಗಿದ್ದ ಕೂಸಿನ ಕಿವಿಯನ್ನು ಆ ಜ್ವರವೇ ಕೆಡಿಸಿರಬೇಕು ಅಂದರು ಡಾಕ್ಟರಮ್ಮ. ಅಂದರೆ ಆ ಮಗು ನಮ್ಮ ಮನೆಯಲ್ಲಿ ಒಂದು ದಿನವೂ ಆ ವಿಮಾನವನ್ನು ಕೇಳಿರಲೇ ಇಲ್ಲ.

"ಮನೇಲಿ ಯಾರಿಗೂ ಅನುಮಾನ ಬರಲಿಲ್ವಾ?" ಎಂದು ಕಾರ್ಡು ತುಂಬಿಸುತ್ತ ಕೇಳಿದರು.

"ಇಲ್ಲ ಮೇಡಂ," ಅಂದೆ ನಾನು.

"ಎಂಟ್ ತಿಂಗ್ಳಿಗೇ ಬಂದಿತ್ತು," ಅಂದಳು ಅಕ್ಕ. "ಪಕ್ಕದ್ ಮನೆಯೋರ್ಗೆ."

ಆಗಲೇ ಬಂದಿದ್ದರೆ ಇಷ್ಟು ಹೊತ್ತಿಗೆ ಮಗುವಿಗೆ ಎಷ್ಟೋ ಕಲಿಸಬಹುದಿತ್ತು, ಕಲಿಯುವ ವಯಸ್ಸು ಅದೇ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದರು. ಇನ್ನೂ ಕಾಲ ಮಿಂಚಿಲ್ಲ ಎಂದೂ ಹೇಳಿದರು. ಮೊದಲನೆಯದು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಂತಿತು. ಗಂಜಾಂಗೆ ಹೋಗಿ ಬರೋಣವೇ ಅಂದೆ. ಅಕ್ಕ ಬೇಡ ಎಂದು ತಲೆಯಾಡಿಸಿದಳು.

ಊರಲ್ಲಿ ಬಸ್ಸಿಳಿದವಳು ನಮ್ಮ ಮನೆ ಹೊಸಿಲು ದಾಟದೆ ನೇರ ಚಿಕ್ಕಪ್ಪನ ಮನೆಗೆ ನಡೆದಳು. ನಾನು ಹಿಂದೆ ಹೋದೆ. ಚಿಕ್ಕಪ್ಪ ನಮ್ಮನ್ನು ನೋಡಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಎದ್ದುಹೋದ. ಚಿಕ್ಕವ್ವ ಪಡಸಾಲೆಯಲ್ಲಿ ಬೆಲ್ಲ ಕುಟ್ಟುತ್ತಿದ್ದಳು. "ನೀ ಯೇಳಿದ್ದೇ ನಿಜ ಆಯ್ತು ಚಿಕ್ಕವ್ವ," ಅಂದೆ. ಆವತ್ತು ಆಡಿದ ಮಾತಿಗೆ ತಪ್ಪಾಯಿತು ಅನ್ನಬೇಕೆಂದಿದ್ದೆ, ಅಷ್ಟಕ್ಕೇ ನಿಂತೆ. ಬಾಯಿಗೆ ಬಂದಂತೆ ಬೈಯಲಿ, ಹೊರಗೆ ನಡಿ ಅನ್ನಲಿ ಎಂದು ಕಾದೆ.

ಅವಳು ಕೈ ಒರೆಸಿಕೊಂಡಳು. "ಇನ್ನೊಂದ್ಸಲ ಯೇಳಾನ ಅಂತ ಗೋಡೆ ತಾವ್ಕೆ ಎಷ್ಟೋ ಸಲ ಬಂದೆ ಕಣ್ ಮಗ. ನೀ ಅಂದಿದ್ದು ನೆಪ್ಪಾಗಿ ತಿರುಕ್ಕೊಂಡ್ ಬಂದ್ಬುಡ್ತಿದ್ದೆ. ನಂದೂ ತಪ್ಪದೆ," ಅಂದಳು.

ಆಮೇಲೆ ಮಗುವನ್ನು ಎದುರಿಗೆ ಕೂರಿಸಿಕೊಂಡಳು. ಒಂದು ಚೂರು ಬೆಲ್ಲ ತೋರಿಸಿ, ತೋರುಬೆರಳನ್ನು ತನ್ನ ಕೆನ್ನೆಗೆ ಒತ್ತಿ ಮೆಲ್ಲಗೆ ತಿರುವಿದಳು. ತಮ್ಮನಿಗೂ ತನಗೂ ನಡುವೆ ಇದ್ದ ಮಾತದು ಅಂತ ಆಮೇಲೆ ತಿಳಿಯಿತು. ಬೆಲ್ಲ ಕೊಟ್ಟಳು. ಮಗು ತಿಂದಿತು. ಮತ್ತೆ ಚೂರು ತೋರಿಸಿ ಮತ್ತೆ ಕೆನ್ನೆ ಮುಟ್ಟಿದಳು. ಮಗು ಅವಳ ಕೈಯನ್ನು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ನಮ್ಮ ಯಾರ ಬಾಯನ್ನೂ ಅದು ಹಾಗೆ ನೋಡಿದ್ದು ನನಗೆ ನೆನಪಿಲ್ಲ. ನಾಲ್ಕನೆಯ ಸಲ ಚಿಕ್ಕವ್ವ ಬೆಲ್ಲವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಸುಮ್ಮನೆ ಕೂತಳು. ಮಗು ಮುಷ್ಟಿಯನ್ನು ನೋಡಿತು, ಅವಳ ಮುಖ ನೋಡಿತು. ಆಮೇಲೆ ತನ್ನ ಪುಟ್ಟ ಬೆರಳನ್ನು ಎತ್ತಿ ತನ್ನದೇ ಕೆನ್ನೆಗೆ ಒತ್ತಿತು.

ಮೈಸೂರಿನಲ್ಲಿ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕ ಅಲ್ಲೇ ಕಂಬದ ಬುಡದಲ್ಲಿ ಕುಸಿದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಚಿಕ್ಕವ್ವ ಯೇಳಿ ಒಂದೂವರೆ ವರ್ಸ ಕಣ್ಲಾ," ಅಂದಳು.